ಬ್ರಾಂಕ್ಸ್‌ನ ಚಾರ್ಟರ್ ಶಾಲೆಗೆ ಆದಾಯದ ಮಿತಿ ಇದೆಯೇ: ಪ್ರತಿಕ್ರಿಯೆ
ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿರುವ ಚಾರ್ಟರ್ ಶಾಲೆಯಲ್ಲಿ (ಚಾರ್ಟರ್ ಎಂಬ ಅನುಮತಿ ಪತ್ರ ಪಡೆದು ಸ್ವತಂತ್ರವಾಗಿ ನಡೆಯುವ ಶಾಲೆ) ಮಗಳನ್ನು ಸೇರಿಸಲು ಆದಾಯದ ಮಿತಿ ಇದೆಯೇ ಎಂದು ಕೇಳಿದ್ದೀರಿ. ಈಗ ಓದುತ್ತಿರುವ ಮಕ್ಕಳ ವಿವರವನ್ನೇ ಪ್ರವೇಶದ ನಿಯಮವೆಂದು ತಿಳಿದಿರುವುದರಿಂದ ನಿಮ್ಮ ಗೊಂದಲ ಹುಟ್ಟಿರಬೇಕು. ಆ ಪ್ರಾಥಮಿಕ ಶಾಲೆಯ ಬಹುಪಾಲು ಮಕ್ಕಳು ಬಡ ಕುಟುಂಬದವರು ಎಂಬುದರಿಂದ, ಇಬ್ಬರೂ ದುಡಿಯುವ ನಿಮ್ಮ ಮನೆಯ ಮಗಳಿಗೆ ಅಲ್ಲಿ ಅವಕಾಶವಿಲ್ಲ ಎಂದಾಗುವುದಿಲ್ಲ. ನ್ಯೂಯಾರ್ಕ್ ರಾಜ್ಯದ 1998ರ ಕಾಯ್ದೆಯಂತೆ ಚಾರ್ಟರ್ ಶಾಲೆಗಳು ಬೋಧನಾ ಶುಲ್ಕವಿಲ್ಲದ ಸಾರ್ವಜನಿಕ ಶಾಲೆಗಳು. ಸೀಟುಗಳಿಗಿಂತ ಅರ್ಜಿಗಳು ಹೆಚ್ಚಾದರೆ ಲಾಟರಿ ಎತ್ತುತ್ತಾರೆ, ಅದರಲ್ಲಿ ಅಲ್ಲೇ ಓದುತ್ತಿರುವವರ ಒಡಹುಟ್ಟಿದವರಿಗೂ ಆ ಶಾಲಾ ಜಿಲ್ಲೆಯ ನಿವಾಸಿಗಳಿಗೂ ಆದ್ಯತೆಯಿರುತ್ತದೆ.

ಮೊದಲು ಪ್ರವೇಶ ನೀತಿಯನ್ನು ಕೇಳಿ ಪಡೆಯಿರಿ, ಏಕೆಂದರೆ ಕೆಲವು ಶಾಲೆಗಳು ಬಡ ಮಕ್ಕಳಿಗೆ ವಿಶೇಷ ಆದ್ಯತೆ ಕೊಡುತ್ತವೆ, ಅದು ನ್ಯಾಯವೂ ಹೌದು. ಅರ್ಜಿಯ ಕೊನೆಯ ದಿನ ಏಪ್ರಿಲ್ 1ಕ್ಕಿಂತ ಮುಂಚೆ ಇರುವಂತಿಲ್ಲ. ಅಷ್ಟರೊಳಗೆ ಅರ್ಜಿ ಹಾಕಿ, ವಿಳಾಸದ ದಾಖಲೆಗೆ ಕರೆಂಟ್ ಬಿಲ್ಲು ಮತ್ತು ಬಾಡಿಗೆ ಕರಾರನ್ನು ಸಿದ್ಧವಾಗಿಡಿ.

ಬಳಿಕ ಒಂದು ಬೆಳಗ್ಗೆ ಶಾಲೆಯನ್ನು ನೋಡಿ ಬನ್ನಿ. ಶಾಲೆ ನಡೆಸುವ ಅನುಮತಿಯಾದ ಚಾರ್ಟರ್ ಒಂದು ಬಾರಿಗೆ ಹೆಚ್ಚೆಂದರೆ 5 ವರ್ಷಕ್ಕೆ ಸಿಗುತ್ತದೆ; ಕಳೆದ ಸಲ ಅದಕ್ಕಿಂತ ಕಡಿಮೆ ಅವಧಿಗೆ ನವೀಕರಣವಾಗಿದ್ದರೆ ಕಾರಣವನ್ನು ನೇರವಾಗಿ ಕೇಳಿ. ಕಳೆದ ವರ್ಷದ ಶಿಕ್ಷಕರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ, ಎಷ್ಟು ಮಕ್ಕಳನ್ನು ಅಮಾನತು ಮಾಡಲಾಗಿದೆ ಎಂಬುದನ್ನೂ ವಿಚಾರಿಸಿ. ನಾನು ಹೋದಾಗ ಒಂದನೇ ತರಗತಿಯ ಗೋಡೆಯ ಮೇಲೆ ಪ್ರತಿ ಮಗುವಿನ ಹೆಸರಿನ ಕೆಳಗೆ ಅದು ಓದಿ ಮುಗಿಸಿದ ಪುಸ್ತಕಗಳನ್ನು ಶಿಕ್ಷಕಿ ಕೈಬರಹದಲ್ಲಿ ಬರೆದಿದ್ದರು. ಅಂಕಗಳ ಪಟ್ಟಿಗಿಂತ ಅದೇ ನನಗೆ ಹೆಚ್ಚು ಭರವಸೆ ಕೊಟ್ಟಿತು.

ಕಾಯುವ ಪಟ್ಟಿ ಎಷ್ಟು ಸರಿಯುತ್ತದೆಂದು ಯಾರೂ ಮುಂಚಿತವಾಗಿ ಹೇಳಲಾರರು. ನಮ್ಮ ಮಗನಿಗೆ ಕರೆ ಬಂದದ್ದು ತರಗತಿ ಆರಂಭವಾಗುವ ವಾರದಲ್ಲಿ. ಆದ್ದರಿಂದ ಅಲ್ಲಿಯವರೆಗೆ ನಿಮ್ಮ ಬಡಾವಣೆಯ ಸರ್ಕಾರಿ ಶಾಲೆಯಲ್ಲಿ ಸಿಕ್ಕಿರುವ ಸೀಟನ್ನು ಬಿಟ್ಟುಕೊಡಬೇಡಿ.