ಐರ್ಲೆಂಡ್‌ನಲ್ಲಿ ಹಾರರ್ ಶಾರ್ಟ್ ಫಿಲಂ ಬಿಟ್ಟು ಕರಕುಶಲ ಡಾಕ್ಯುಮೆಂಟರಿ ಕಡೆ ಹೋಗ್ಲಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರ್ ಮಾಡ್ಕೋಬೇಡಿ. ಡಬ್ಲಿನ್‌ನಲ್ಲಿ ಐಟಿ ಕೆಲಸ, ವೀಕೆಂಡ್‌ನಲ್ಲಿ ಹಾರರ್ ಶಾರ್ಟ್, ಫೆಸ್ಟಿವಲ್‌ಗಳಿಂದ ಬರೀ ರಿಜೆಕ್ಷನ್ ಮೇಲು, ಈಗ ಯಾರೋ "ಹಾರರ್ ಬಿಡು, ಹಳೇ ಕಸುಬುಗಳ ಮೇಲೆ ಡಾಕ್ಯುಮೆಂಟರಿ ಮಾಡು, ಗ್ರಾಂಟ್ ಸಿಗತ್ತೆ" ಅಂದಿದಾರೆ. ಇದು ನನ್ನದೇ ಕಥೆ ಮಾರಾಯ್ರೆ, ಊರು ಒಂದು ಬೇರೆ. ನಾನು ಪಶ್ಚಿಮ ಕರಾವಳಿಯ ಗಾಲ್ವೇಲಿ ಮೆಡಿಕಲ್ ಡಿವೈಸ್ ಮಾಡೋ ಫ್ಯಾಕ್ಟರೀಲಿ ಕ್ವಾಲಿಟಿ ಸೆಕ್ಷನ್‌ನಲ್ಲಿದೀನಿ. ನನಗೂ ಇದೇ ಮಾತು ಹೇಳಿದ್ರು, ನಾನೂ ಕೇಳ್ಕೊಂಡು ಹೋದೆ, ಹೋಗಿ ಎಡವಟ್ಟು ಮಾಡ್ಕೊಂಡೆ.

ಮೊದ್ಲು ನನ್ನ ಹಾರರ್ ಎಂಥದಿತ್ತು ಅಂತ ಹೇಳ್ಬಿಡ್ತೀನಿ. ಬಿಳಿ ಸೀರೆ ಉಟ್ಟ ಮೋಹಿನಿ ಗಾಲ್ವೇ ಕಾಲುವೆ ಪಕ್ಕ ನಿಂತಿರ್ತಾಳೆ, ಒಬ್ಬ ಐರಿಷ್ ಹುಡುಗ ಸೈಕಲ್ ಮೇಲೆ ಬರ್ತಾನೆ, ಡಮಾರ್ ಅಂತ ಒಂದು ಸೌಂಡು, ಮುಗೀತು. ವಾಟ್ಸಾಪ್ ಗ್ರೂಪಲ್ಲಿ ಎಲ್ರೂ ಸೂಪರ್ ಅಂದ್ರು. ನೋಡಿದ ಐರಿಷ್‌ನೋರು "ಲೈಟಿಂಗ್ ಚೆನ್ನಾಗಿದೆ" ಅಂದ್ರು, ಹಂಗಂದ್ರೆ ಏನು ಅಂತ ನಿಮಗೂ ಗೊತ್ತಿರತ್ತೆ.

ಆಮೇಲೆ ನಮ್ಮ ಲೈನ್‌ನಲ್ಲೇ ಕೆಲಸ ಮಾಡೋನೊಬ್ಬ, ನಮ್ಮ ದೊಡ್ಡಪ್ಪ ಕರಾಖ್ ಕಟ್ತಾರೆ ಬಾ ಅಂತ ದಕ್ಷಿಣ ಕಾನೆಮಾರಾ ಕಡೆ ಕರ್ಕೊಂಡು ಹೋದ. ಕರಾಖ್ ಅಂದ್ರೆ ಆ ಪಶ್ಚಿಮ ಕರಾವಳಿ, ಅರಾನ್ ದ್ವೀಪಗಳ ಕಡೆಯ ದೋಣಿ. ಮರದ ತೆಳು ಪಟ್ಟಿಗಳ ಚೌಕಟ್ಟಿನ ಮೇಲೆ ಕ್ಯಾನ್ವಾಸ್ ಎಳೆದು ಡಾಂಬರು ಬಳೀತಾರೆ, ಹಿಂದೆ ಕ್ಯಾನ್ವಾಸ್ ಜಾಗದಲ್ಲಿ ದನದ ಚರ್ಮ ಇರ್ತಿತ್ತಂತೆ. ಹುಟ್ಟು ನೋಡಿದ್ರೆ ಬರೀ ಕೋಲಿದ್ದಂಗೆ, ತುದೀಲಿ ಅಗಲವೇ ಇರಲ್ಲ. ದೋಣಿ ಎಷ್ಟು ಹಗುರ ಅಂದ್ರೆ ಮಗುಚಿ ತಲೆ ಮೇಲೆ ಹೊತ್ಕೊಂಡು ನಡ್ಕೊಂಡೇ ಹೋಗ್ಬಿಡ್ತಾರೆ, ದೂರದಿಂದ ದೊಡ್ಡ ಕಪ್ಪು ಜೀರುಂಡೆಗೆ ಮನುಷ್ಯರ ಕಾಲು ಬಂದಂಗೆ ಕಾಣತ್ತೆ. ಅದನ್ನ ನೋಡಿದ ತಕ್ಷಣ ನನ್ನೊಳಗಿನ ಹಾರರ್ ಡೈರೆಕ್ಟರ್ ಎದ್ದು ಕೂತ. ಅಲ್ಲೇ ಕೆಟ್ಟಿದ್ದು.

ಸ್ಥಳೀಯ ಪರಂಪರೆ ಗ್ರಾಂಟ್ ಒಂದಕ್ಕೆ ಅರ್ಜಿ ಹಾಕಿದ್ವಿ, ಸಿಕ್ತು. ಎರಡು ಫಿಲಂ ಮಾಡೋದು ಅಂತ ಪ್ಲಾನು, ಮೊದಲನೇದು ದೋಣಿ, ಎರಡನೇದು ದೋಣಿ ಕಟ್ಟೋ ಆ ದೊಡ್ಡಪ್ಪ, ಅಂದ್ರೆ ನಮ್ಮ ಅಜ್ಜ, ಅವರ ಬೀಗರೊಬ್ಬರು ಹುಲ್ಲಿನ ಮಾಡು ಹೊದೆಸೋರು ಇದ್ರು, ಅವರ ಮೇಲೆ. ಅಜ್ಜ ಶೂಟಿಂಗ್‌ಗೆ ತುಂಬಾ ಸಹಕಾರ ಕೊಟ್ರು, ಮಾತು ಕಮ್ಮಿ, ಆಡಿದ್ರೂ ಅರ್ಧ ಐರಿಷ್ ಭಾಷೇಲೇ. ಅಳತೆ ಟೇಪ್ ಇರ್ತಿತ್ತು ಜೇಬಲ್ಲಿ, ತೆಗೆದಿದ್ದು ನಾನು ಜಾಸ್ತಿ ನೋಡ್ಲಿಲ್ಲ, ಅಳತೆ ಎಲ್ಲಾ ಗೇಣು ಮೊಳದಲ್ಲೇ.

ಈಗ ತಪ್ಪಿನ ವಿಷಯ. ಇದನ್ನ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ಚಿಕ್ಕದಾಗಿ ಹೇಳಿದ್ರೆ "ಅಯ್ಯೋ ಇಷ್ಟೇನಾ" ಅನ್ಸತ್ತೆ.

ಕರಾಖ್ ಕಟ್ಟೋದು ಬಾಯಂಚಿನಿಂದ. ದೋಣಿಗೆ ಮೇಲ್ಗಡೆ ಸುತ್ತ ಬರೋ ಅಂಚು ಇದ್ಯಲ್ಲ, ಅದೇ ಮೊದಲು. ಆ ಅಂಚಿನ ಚೌಕಟ್ಟು ಮಾಡಿ, ಅದನ್ನ ಬೋರಲು ಹಾಕಿ, ಅದರಲ್ಲಿ ಕೊರೆದ ತೂತುಗಳಿಗೆ ಬಗ್ಗಿಸಿದ ಪಕ್ಕೆಲುಬುಗಳನ್ನ ಸಿಗಿಸ್ತಾ ಹೋಗ್ತಾರೆ, ಅದರ ಮೇಲೆ ಉದ್ದುದ್ದ ಪಟ್ಟಿ ಹೊಡೀತಾರೆ, ಆಮೇಲೆ ಕ್ಯಾನ್ವಾಸು, ಕೊನೇಲಿ ಡಾಂಬರು. ಅಂದ್ರೆ ತಳ ಹುಟ್ಟೋದು ಕೊನೇಲಿ. ನಾನು ನೋಡಿ ಬೆಳೆದಿದ್ದು ತುಂಗಭದ್ರೆಯ ಹರಿಗೋಲು, ಅಜ್ಜಿ ಮನೆ ಹೊಸಪೇಟೆ ಕಡೆ. ನಮ್ಮಲ್ಲಿ ಬಿದಿರಿನ ಸೀಳುಗಳನ್ನ ನೆಲದ ಮೇಲೆ ಹಾಸಿ ತಳ ನೇಯ್ದು, ಆಮೇಲೆ ಪಕ್ಕ ಎತ್ತಿ, ಬಾಯಂಚು ಕಟ್ಟೋದು ಎಲ್ಲಾ ಆದ್ಮೇಲೆ. ಹಂಗಾಗಿ ನನ್ನ ತಲೇಲಿ ದೋಣಿ ಅಂದ್ರೆ ಕೆಳಗಿಂದ ಮೇಲೆ. ಎಡಿಟಿಂಗ್‌ಗೆ ಕೂತಾಗ, ಬಾಯಂಚು ಮೊದಲು ತೋರಿಸಿದ್ರೆ ಜನಕ್ಕೆ ಕನ್ಫ್ಯೂಸ್ ಆಗತ್ತೆ, ಜೊತೆಗೆ ಅದು ನೋಡೋಕೆ ಬೋರು, ಉದ್ದದ ಮರದ ತುಂಡು ಅಷ್ಟೇ, ಅಂತ ನಾನೇ ತೀರ್ಮಾನ ಮಾಡ್ಬಿಟ್ಟೆ. ಡಾಂಬರು ಕುದಿಯೋ ಶಾಟ್ ಮೊದ್ಲು ಇಟ್ಟೆ, ಕಪ್ಪಗೆ ಗುಳುಗುಳು ಅಂತ, ಹಿನ್ನೆಲೇಲಿ ಒಂದೇ ಸಮ ಗುಂಯ್ ಅನ್ನೋ ಭಾರೀ ಮ್ಯೂಸಿಕ್ಕು. ಆಮೇಲೆ ಕತ್ತಲಲ್ಲಿ ಪಕ್ಕೆಲುಬುಗಳು, ಅಸ್ಥಿಪಂಜರ ಅನ್ಸೋ ಹಾಗೆ, ಬಾಯಂಚು ಕಾಣದಂಗೆ ಟೈಟಾಗಿ ಕ್ರಾಪ್ ಮಾಡಿದ್ದು. ಬಾಯಂಚು ಮಾಡಿದ್ದನ್ನ ಮಧ್ಯದಲ್ಲಿ ಎಲ್ಲೋ ಒಂದು ಕಣ್ರೆಪ್ಪೆ ಹೊಡೆಯೋಷ್ಟು ಹೊತ್ತು ಹಾಕಿ, ಕೊನೇಲಿ ಪೂರ್ತಿ ದೋಣಿ "ರಿವೀಲ್". ನನ್ನ ಪ್ರಕಾರ ಸಸ್ಪೆನ್ಸು. ಆಫೀಸಲ್ಲಿ ಒಂದು ಸ್ಟೆಪ್ ಆಚೀಚೆ ಆಗಿದೆ ಅಂತ ಇಡೀ ಬ್ಯಾಚ್ ರಿಜೆಕ್ಟ್ ಮಾಡೋ ಮನುಷ್ಯ ನಾನು, ಮನೇಲಿ ಕೂತು ಇದನ್ನ ಮಾಡಿದೀನಿ.

ಮೊದಲ ಪ್ರದರ್ಶನ ಅವರೂರಿನ ಸಮುದಾಯ ಭವನದಲ್ಲೇ ಇಟ್ಕೊಂಡ್ವಿ. ದೋಣಿ ಕಟ್ಟೋರು, ರೇಸ್‌ನಲ್ಲಿ ಹುಟ್ಟು ಹಾಕೋರು, ಮೀನುಗಾರರು, ಎಲ್ಲಾ ಬಂದಿದ್ರು. ಮುಗಿದ್ಮೇಲೆ ಚಪ್ಪಾಳೆ ಬಂತು, ಅಲ್ಲಿನ ಜನ ಒಳ್ಳೇವ್ರು. ಆಮೇಲೆ ಹಿಂದಿನ ಸಾಲಿಂದ ಒಬ್ರು ವಯಸ್ಸಾದೋರು ಕೇಳಿದ್ರು, "ಆ ಪಕ್ಕೆಲುಬುಗಳು ಯಾವುದರಲ್ಲಿ ನಿಂತಿದಾವೆ?" ಅಂತ. ಅಷ್ಟೇ ಪ್ರಶ್ನೆ. ನನಗೆ ಮೊದ್ಲು ಅರ್ಥನೇ ಆಗ್ಲಿಲ್ಲ. ಜನ ಅಜ್ಜನ ಕಡೆ ತಿರುಗಿ ನಗಾಡಿದ್ರು, ಸುಮ್ನೆ ತಮಾಷೆಗೇ, ಆದ್ರೆ ನಗಾಡಿದ್ದು ಅವರನ್ನ ನೋಡಿ, ನನ್ನನ್ನಲ್ಲ. ತೆರೆ ಮೇಲೆ ಹೆಸರು ಅವರದ್ದು, ಕೈ ಅವರದ್ದು, ಜೀವಮಾನ ಎಲ್ಲಾ ಇದೇ ಕೆಲಸ ಮಾಡಿದೋರು, ನನ್ನ ಫಿಲಂನಲ್ಲಿ ಅವರಿಗೆ ದೋಣಿ ಕಟ್ಟೋಕೆ ಬರಲ್ಲ ಅನ್ನೋ ಹಾಗೆ ಕಾಣ್ತಿತ್ತು. ಅವರು ಏನೂ ಅನ್ಲಿಲ್ಲ, ಸ್ಯಾಂಡ್‌ವಿಚ್ ತಿಂದು ಮನೆಗೆ ಹೋದ್ರು. ಆಮೇಲೆ ನಾನು ಫೋನ್ ಮಾಡಿದ್ರೆ ಎತ್ಲಿಲ್ಲ. ಬೀಗರು ಎರಡನೇ ಫಿಲಂಗೆ ಆಗಲ್ಲ ಅಂತ ಹೇಳಿ ಕಳಿಸಿದ್ರು, ಉಳಿದ ದುಡ್ಡು ವಾಪಸ್ ಕೊಟ್ವಿ. ದುಡ್ಡು ಹೋಗ್ಲಿ ಬಿಡಿ. ಆ ಬೀಗರು ಅದಾದ್ಮೇಲೆ ಮಂಡಿ ನೋವು ಅಂತ ಕೆಲಸಾನೇ ನಿಲ್ಲಿಸಿದ್ರು. ಓಟ್ಸ್ ಹುಲ್ಲನ್ನ ಹೆಂಗೆ ಆರಿಸ್ತಾರೆ, ಹೇಝಲ್ ಕಡ್ಡೀನ ಹೇರ್‌ಪಿನ್ ಥರ ತಿರುಚಿ ಹುಲ್ಲಿನೊಳಗೆ ಹೆಂಗೆ ಚುಚ್ತಾರೆ, ಅವರ ಕೈಯಲ್ಲಿ ಅದನ್ನ ಯಾರೂ ಶೂಟ್ ಮಾಡ್ಲಿಲ್ಲ. ಶೂಟ್ ಮಾಡಬೇಕಿದ್ದೋನು ನಾನು.

ಆಮೇಲೆ ಕೂತು ನೋಡಿದ್ದು ಇಲ್ಲಿನ ಸರ್ಕಾರಿ ಟಿವಿ ಆರ್‌ಟಿಇಯ ಹ್ಯಾಂಡ್ಸ್ ಸೀರೀಸು. ಡೇವಿಡ್ ಶಾ-ಸ್ಮಿತ್ ಮತ್ತು ಅವರ ಹೆಂಡತಿ ಸ್ಯಾಲಿ 1970ರ ದಶಕದ ಕೊನೆಯಿಂದ ಶುರು ಮಾಡಿ ಐರಿಷ್ ಕಸುಬುಗಳ ಮೇಲೆ 37 ಫಿಲಂ ಮಾಡಿದಾರೆ. ನೀವು ಇನ್ನೂ ನೋಡಿಲ್ಲ ಅಂದ್ರೆ ಈ ಉತ್ತರ ಇಲ್ಲಿಗೇ ನಿಲ್ಲಿಸಿ ಅದನ್ನ ನೋಡಿ ಬನ್ನಿ. ಕೆಲಸದ ಮುಂದೆ ಕ್ಯಾಮೆರಾ ತಾನು ಮೆರೆಯೋಕೆ ಹೋಗಲ್ಲ, ಈಗ ಯಾವ ಹಂತ ನಡೀತಿದೆ ಅನ್ನೋದು ನಮಗೆ ತಪ್ಪೋದೇ ಇಲ್ಲ. ಬೋರಾ? ಮೊದಲ ಐದು ನಿಮಿಷ ಹೌದು. ಆಮೇಲೆ ಎದ್ದು ಹೋಗೋಕೆ ಆಗಲ್ಲ.

ಇಲ್ಲಿ ಯಾರಾದ್ರೂ "ಡಾಕ್ಯುಮೆಂಟರಿ ಡೈರೆಕ್ಟರ್ ಫ್ಲಾಹರ್ಟಿನೂ ಇದ್ದದ್ದನ್ನ ಬದಲಾಯಿಸಿ ತೋರಿಸ್ಲಿಲ್ವಾ" ಅಂತ ಬರ್ತಾರೆ, ಅದಕ್ಕೂ ಹೇಳ್ಬಿಡ್ತೀನಿ. ಹೌದು, ಅವರ 1934ರ ಫಿಲಂ ಮ್ಯಾನ್ ಆಫ್ ಅರಾನ್‌ನಲ್ಲಿ ತೋರಿಸೋ ಕುಟುಂಬ ನಿಜವಾದ ಕುಟುಂಬ ಅಲ್ಲ, ಶಾರ್ಕ್ ಬೇಟೆ ಆ ದ್ವೀಪದಲ್ಲಿ ಯಾವತ್ತೋ ನಿಂತುಹೋಗಿತ್ತು, ಶೂಟಿಂಗ್‌ಗೋಸ್ಕರ ಅಲ್ಲಿನೋರಿಗೆ ಹೊಸದಾಗಿ ಕಲಿಸಿದ್ರು. ಆದ್ರೆ ಆ ಅಲೆಗಳ ಮಧ್ಯೆ ಕರಾಖ್ ದಡಕ್ಕೆ ತರೋ ಸೀನ್ ಇದ್ಯಲ್ಲ, ಅಲ್ಲಿ ಹುಟ್ಟು ಹಾಕ್ತಿರೋರು ಅದೇ ದ್ವೀಪದೋರು, ಅಲೆ ನಿಜದ್ದು, ಭಯ ನಿಜದ್ದು. ಇವತ್ತಿಗೂ ಜನ ಆ ಫಿಲಂ ನೋಡೋದು ಆ ಸೀನ್‌ಗೆ, ಶಾರ್ಕ್‌ಗಲ್ಲ ಅಂತ ನನ್ನ ಅಭಿಪ್ರಾಯ. ಜಗಳ ಆಡೋರು ಆಡಿ.

ಸರಿ, ನಿಮ್ಮ ಪ್ರಶ್ನೆ. ಹಾರರ್ ಬಿಡ್ಲಾ ಅಂತ ಕೇಳಿದೀರ. ಯಾಕೆ ಬಿಡ್ಬೇಕು? ಹಾರರ್ ಒಂದು ದಾರಿ, ಕಸುಬು ಇನ್ನೊಂದು ದಾರಿ ಅಂತ ನಿಮಗೆ ಹೇಳಿದೋರು ಐರ್ಲೆಂಡ್ ಸರಿಯಾಗಿ ನೋಡಿಲ್ಲ. 1937ರಿಂದ 1939ರ ನಡುವೆ ಇಲ್ಲಿನ ಶಾಲೆ ಮಕ್ಕಳ ಕೈಲಿ ಊರಿನ ಹಿರಿಯರ ನೆನಪುಗಳನ್ನ ಬರೆಸಿದ್ರು, ಸ್ಕೂಲ್ಸ್ ಕಲೆಕ್ಷನ್ ಅಂತಾರೆ, ಈಗ ಆನ್‌ಲೈನ್‌ನಲ್ಲಿ ಫ್ರೀಯಾಗಿದೆ. ತೆಗೆದು ನೋಡಿ, ಬುಟ್ಟಿ ಹೆಣೆಯೋದು, ಬೆಣ್ಣೆ ಕಡೆಯೋದು ಹೇಗೆ ಅಂತ ಬರೆದಿರೋ ಮಕ್ಕಳ ಕೈಲೇ ದೆವ್ವದ ಕಥೇನೂ ಬರೆಸಿದಾರೆ. ನೆರೆಮನೆಯೋಳು ಬೆಣ್ಣೆ ಕದಿಯೋಕೆ ಮಾಟ ಮಾಡಿದ್ಲು ಅನ್ನೋ ಕಥೆ ಕಡಗೋಲು ಇಲ್ದೆ ಅರ್ಥವೇ ಆಗಲ್ಲ.

ಹುಲ್ಲಿನ ಮುಖವಾಡಾನೇ ತಗೊಳ್ಳಿ. ಪಶ್ಚಿಮದ ಕಡೆ ಮದುವೆ ಮನೆಗೆ ಕರೀದೇನೇ ಸ್ಟ್ರಾಬಾಯ್ಸ್ ಬರೋ ಪದ್ಧತಿ, ತಲೆಯಿಂದ ಭುಜದವರೆಗೆ ಶಂಕುವಿನಾಕಾರದ ಹುಲ್ಲಿನ ಮುಖವಾಡ, ಯಾರು ಅಂತ ಗೊತ್ತಾಗಬಾರದು, ಮದುಮಗಳ ಜೊತೆ ಕುಣಿದು ಹೋಗ್ತಾರೆ. ಡಿಂಗಲ್‌ನಲ್ಲಿ ಡಿಸೆಂಬರ್ 26ಕ್ಕೆ ರೆನ್ ಡೇ ದಿನ ಹುಲ್ಲಿನ ಅಂಗಿ ಹಾಕ್ಕೊಂಡು ಬೀದಿಗೆ ಇಳೀತಾರೆ. ಇದಕ್ಕಿಂತ ಹೆದರಿಕೆ ಆಗೋದು ನಿಮ್ಮ ಬ್ಯಾನ್ಶೀ (ಸಾವಿಗೆ ಮುಂಚೆ ಗೋಳಾಡೋ ಐರಿಷ್ ಹೆಣ್ಣು ದೆವ್ವ) ಮೇಕಪ್‌ನಿಂದ ಆಗತ್ತಾ? ನಾನು ಒಬ್ಬರ ಹತ್ರ ಹೋಗಿ ಹೆಣೆಯೋದು ಕಲಿತೆ, ಕೆಟ್ಟದಾಗೇ ಕಲಿತೆ. ಈಗಿನ ಕಂಬೈನ್ ಮೆಷಿನ್‌ನಲ್ಲಿ ಕೊಯ್ದ ಹುಲ್ಲು ಮುರಿದು ಚೂರಾಗಿರತ್ತೆ, ಅದು ಆಗಲ್ಲ, ಉದ್ದ ಹುಲ್ಲೇ ಬೇಕು, ಹುಡುಕೋಕೆ ಸಾಕಾಗೋಯ್ತು. ಆಮೇಲೆ ಒಂದು ಹಾರರ್ ಶಾರ್ಟ್ ಮಾಡ್ದೆ. ಅದರಲ್ಲಿ ಮುಕ್ಕಾಲು ಭಾಗ ಒಬ್ಬ ಹೆಂಗಸು ಅಡುಗೆಮನೇಲಿ ಕೂತು ಮುಖವಾಡ ಹೆಣೀತಾಳೆ, ಮೊದಲ ಎಳೆಯಿಂದ ಕೊನೆಯ ಗಂಟಿನವರೆಗೆ, ಯಾವ ಹಂತಾನೂ ಹಿಂದೆಮುಂದೆ ಮಾಡ್ಲಿಲ್ಲ, ಮ್ಯೂಸಿಕ್ ಇಲ್ಲ. ಮುಖವಾಡ ಯಾರ ಅಳತೆಗೆ ಅನ್ನೋದು ನಿಧಾನಕ್ಕೆ ಗೊತ್ತಾಗತ್ತೆ. ಚಿಕ್ಕ ಫೆಸ್ಟಿವಲ್ ಒಂದರಲ್ಲಿ ಸೆಲೆಕ್ಟ್ ಆಯ್ತು, ಪ್ರೈಜ್ ಗೀಜ್ ಏನಿಲ್ಲ, ಆದ್ರೆ ಹಾಲ್‌ನಲ್ಲಿ ಯಾರೂ ಫೋನ್ ತೆಗೀಲಿಲ್ಲ, ನಾನು ಪಕ್ಕದಲ್ಲಿ ನಿಂತು ಅದನ್ನೇ ನೋಡ್ತಿದ್ದೆ.

ಇನ್ನೊಂದು, ಮೋಹಿನಿ, ನಾಳೆ ಬಾ ದೆವ್ವ ಇವನ್ನೆಲ್ಲಾ ಡಬ್ಲಿನ್ ಅಪಾರ್ಟ್‌ಮೆಂಟ್‌ಗೆ ತರೋ ಐಡಿಯಾ ಬರ್ದಿದೀರಲ್ಲ, ದಯವಿಟ್ಟು ಬೇಡ. ಇಲ್ಲೇ ಸಾಕಷ್ಟಿದೆ. 1999ರಲ್ಲಿ ಕ್ಲೇರ್ ಕೌಂಟಿಯ ಲಟೂನ್‌ನಲ್ಲಿ ಹೊಸ ರಸ್ತೆಗೆ ಅಡ್ಡ ಬಂದ ಒಂದು ಹಾಥಾರ್ನ್ ಮುಳ್ಳುಗಿಡ, ಅದು ಯಕ್ಷಿಯರ ಗಿಡ, ಕಡಿದ್ರೆ ಆ ರಸ್ತೇಲಿ ಜನ ಸಾಯ್ತಾರೆ ಅಂತ ಕಥೆಗಾರ ಎಡ್ಡಿ ಲೆನಿಹನ್ ಹೋರಾಟ ಮಾಡಿ, ಕೊನೆಗೆ ಆ ಗಿಡ ಉಳೀತು. ನಮ್ಮೂರಲ್ಲಿ ಚೌಡಿ ಬನಕ್ಕೆ ಕೊಡಲಿ ಹಾಕಲ್ಲ ಅಲ್ವಾ, ನಿಮಗೆ ಇದು ಯಾರೂ ಹೇಳಿಕೊಡದೇನೇ ಅರ್ಥ ಆಗತ್ತೆ. ನಿಮ್ಮ ಅಡ್ವಾಂಟೇಜ್ ಇರೋದು ಅಲ್ಲಿ, ಸೀರೇಲಲ್ಲ.

ಗ್ರಾಂಟ್ ಬಗ್ಗೆ ಜಾಸ್ತಿ ಹೇಳಲ್ಲ. ಸ್ಕ್ರೀನ್ ಐರ್ಲೆಂಡ್ (2018ರವರೆಗೆ ಐರಿಷ್ ಫಿಲಂ ಬೋರ್ಡ್ ಅಂತಿತ್ತು) ಕಥೆ ಇರೋ ಶಾರ್ಟ್‌ಗಳಿಗೂ ದುಡ್ಡು ಕೊಡತ್ತೆ, ಡಾಕ್ಯುಮೆಂಟರಿಗೆ ಮಾತ್ರ ಅಂತ ಏನಿಲ್ಲ. ಹಾರರ್‌ಗೇ ಅಂತ ಡಬ್ಲಿನ್ ಐಎಫ್‌ಐನಲ್ಲಿ (ಐರಿಷ್ ಫಿಲಂ ಇನ್‌ಸ್ಟಿಟ್ಯೂಟ್) ಅಕ್ಟೋಬರ್‌ನಲ್ಲಿ ಹಾರರ್‌ಥಾನ್ ಅನ್ನೋ ಫೆಸ್ಟಿವಲ್ ನಡೆಯತ್ತೆ, ಮೊದ್ಲು ಪ್ರೇಕ್ಷಕರಾಗಿ ಹೋಗಿ ಕೂತ್ಕೊಳ್ಳಿ. ಕಸುಬಿನ ಫಿಲಂ ಮಾಡಲೇಬೇಕು ಅಂತಿದ್ರೆ ಗ್ರಾಂಟ್ ಲಿಸ್ಟ್ ನೋಡಿ ಕಸುಬು ಆರಿಸ್ಬೇಡಿ, ಕ್ಯಾಮೆರಾ ಇಲ್ದೇನೂ ನೀವು ಹೋಗಿ ನಿಂತು ನೋಡೋ ಕಸುಬು ಯಾವುದೋ ಅದನ್ನ ಮಾಡಿ. ಗಾರೆ ಇಲ್ದೆ ಬರೀ ಕಲ್ಲು ಜೋಡಿಸಿ ಗೋಡೆ ಕಟ್ಟೋದಕ್ಕೆ 2024ರಲ್ಲಿ ಯುನೆಸ್ಕೋ ಪಟ್ಟೀಲಿ ಐರ್ಲೆಂಡ್ ಹೆಸರೂ ಸೇರಿದೆ, ಈಗ ಎಲ್ರೂ ಅದನ್ನೇ ಶೂಟ್ ಮಾಡೋಕೆ ಓಡ್ತಾರೆ, ನೀವೂ ಅದೇ ಕ್ಯೂನಲ್ಲಿ ನಿಲ್ಲಬೇಕಾ ಯೋಚ್ನೆ ಮಾಡಿ. ರಫ್ ಕಟ್ ಆದ ತಕ್ಷಣ ಆ ಕಸುಬು ಮಾಡಿದೋರಿಗೇ ಮೊದಲು ತೋರಿಸಿ, ಊರಿಗಿಂತ ಮೊದಲು, ಹೆಂಡತಿಗಿಂತ ಮೊದಲು. ಅಂದಹಾಗೆ ನನ್ನ ದೋಣಿ ಫಿಲಂ ಪೂರ್ತಿ ಸರಿಯಾದ ಕ್ರಮದಲ್ಲಿ ಮತ್ತೆ ಕಟ್ ಮಾಡಿ ಪೆನ್‌ಡ್ರೈವ್‌ನಲ್ಲಿ ಅಜ್ಜನ ಮನೆಗೆ ಕಳಿಸ್ದೆ, ಸಹೋದ್ಯೋಗಿ ಹೇಳೋ ಪ್ರಕಾರ ನೋಡಿದಾರೆ, ಏನೂ ಅಂದಿಲ್ವಂತೆ.

ಕ್ಯಾಮೆರಾ ಯಾವುದು ತಗೊಳ್ಲಾ ಅಂತ ಕೊನೇಲಿ ಕೇಳಿದೀರ. ಇರೋದ್ರಲ್ಲೇ ಮಾಡಿ. ದುಡ್ಡು ಇದ್ರೆ ಮೈಕಿಗೆ ಹಾಕಿ, ಮೈಕಿಗೆ ಹಾಕೋ ತುಪ್ಪಳದ ಕವರ್‌ಗೆ ಹಾಕಿ, ಅಟ್ಲಾಂಟಿಕ್ ಗಾಳಿ ಮುಂದೆ ಸ್ಪಂಜಿನ ಕವರ್ ಏನಕ್ಕೂ ಬರಲ್ಲ. ಕವರ್ ಎರಡು ಇಟ್ಕೊಳ್ಳಿ, ಒಂದು ಮಳೇಲಿ ನೆಂದ್ರೆ ಒಣಗ್ಸೋಕೆ ಆ ಕಡೆ ಬಿಸಿಲೇ ಸಿಗಲ್ಲ.