12 ವಾದಕರನ್ನಿಟ್ಟುಕೊಂಡು ವೈಜ್ಞಾನಿಕ ಕಾಲ್ಪನಿಕ ಚಿತ್ರಕ್ಕೆ ದೊಡ್ಡ ಆರ್ಕೆಸ್ಟ್ರಾದ ಹಿನ್ನೆಲೆ ಸಂಗೀತ ಮಾಡಬಹುದೇ?

ನಿಮ್ಮ ನಿರ್ದೇಶಕರು ‘ಸ್ಟಾರ್ ವಾರ್ಸ್’ ಸಂಗೀತವನ್ನು ತಾತ್ಕಾಲಿಕವಾಗಿ ಕೂರಿಸಿ ಸಂಕಲನ ಮಾಡಿಸಿದ್ದಾರೆ, ಈಗ ಅಂಥದ್ದೇ ಬೇಕೆಂದು ಹಟ ಹಿಡಿದಿದ್ದಾರೆ. ಹಣ ನೋಡಿದರೆ 12 ಜನಕ್ಕೆ ಮಾತ್ರ ಸಾಲುತ್ತದೆ. ಮಿಕ್ಕಿದ್ದನ್ನು ಸ್ಯಾಂಪಲ್‌ಗಳಿಂದ, ಅಂದರೆ ಮೊದಲೇ ಮುದ್ರಿಸಿಟ್ಟ ವಾದ್ಯಸ್ವರಗಳಿಂದ, ತುಂಬಲೇ, ಇಲ್ಲ ಪೂರ್ತಿ ಕಂಪ್ಯೂಟರಿನಲ್ಲೇ ಮುಗಿಸಲೇ ಎಂದು ಕೇಳುತ್ತಿದ್ದೀರಿ. ಈ ಬಿಸಿ ನನಗೂ ತಟ್ಟಿದೆ. ಒಂದೇ ವ್ಯತ್ಯಾಸವೆಂದರೆ ನನ್ನ ಬಳಿ ನಿಮಗಿಂತ ಹೆಚ್ಚು ಹಣವಿತ್ತು, ಹಾಗಾಗಿ ಹೆಚ್ಚು ಕೆಡಿಸಲು ಅವಕಾಶ ಸಿಕ್ಕಿತು.

ಅದು ನನ್ನ ಮೊದಲ ಪೂರ್ಣ ಪ್ರಮಾಣದ ಚಿತ್ರ. ಕೆಟ್ಟುನಿಂತ ನೌಕೆಯಲ್ಲಿ ಒಬ್ಬಳೇ ಉಳಿದ ಗಗನಯಾತ್ರಿ, ಕಿಟಕಿಯಾಚೆ ಮೊದಲ ಸಲ ಒಂದು ಗ್ರಹ ಕಾಣಿಸುವ ದೃಶ್ಯ. ಅವಳ ಒಂಟಿತನಕ್ಕೆ ಒಂದೇ ಒಂದು ಫ್ಲೂಟ್, ಅದರ ಅತಿ ಕೆಳಗಿನ ಸ್ವರಗಳಲ್ಲಿ. ಗ್ರಹದ ಗಾತ್ರಕ್ಕೆ ಹಿತ್ತಾಳೆಯ ಊದುವ ವಾದ್ಯಗಳು: ನಾಲ್ಕು ಹಾರ್ನ್, ಮೂರು ಟ್ರೋಂಬೋನ್, ಕ್ರಮೇಣ ಏರುತ್ತಾ ಹೋಗುವ ಸ್ವರಮೇಳ. ಕಂಪ್ಯೂಟರಿನಲ್ಲಿ ಕಟ್ಟಿದ ಮಾದರಿಯನ್ನು ಕೇಳಿ ನಿರ್ದೇಶಕರ ಕಣ್ಣು ತುಂಬಿ ಬಂದಿತ್ತು. ನಾನೂ ಉಬ್ಬಿಹೋಗಿದ್ದೆ.

ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇಸರವಾದರೂ ಓದಿ. ಸ್ಯಾಂಪಲ್ ಸಂಗ್ರಹದಲ್ಲಿರುವ ಫ್ಲೂಟಿನ ಸ್ವರವನ್ನು ಮೈಕ್ ಹತ್ತಿರವಿಟ್ಟು, ನಿಶ್ಶಬ್ದವಾದ ಕೋಣೆಯಲ್ಲಿ, ಒಂದೊಂದಾಗಿ ಮುದ್ರಿಸಿರುತ್ತಾರೆ. ಅದಕ್ಕೆ ಎಷ್ಟು ಗಟ್ಟಿತನ ಬೇಕು ಎಂಬುದನ್ನು ತೀರ್ಮಾನಿಸುವುದು ನಿಮ್ಮ ಪರದೆಯ ಮೇಲಿನ ಒಂದು ಗುಂಡಿ. ಮೇಲಕ್ಕೆ ತಳ್ಳಿದರೆ ಪಿಸುಮಾತಿನಂಥ ಸ್ವರ ಏಳು ಹಿತ್ತಾಳೆ ವಾದ್ಯಗಳ ಮೇಲೆ ತೇಲುತ್ತದೆ. ನಿಜವಾದ ಫ್ಲೂಟಿಗೆ ಆ ಗುಂಡಿ ಇಲ್ಲ. ಅದರ ಕೆಳಗಿನ ಸಪ್ತಕ ಇರುವುದೇ ಹಾಗೆ: ಅರ್ಧ ಸ್ವರ, ಅರ್ಧ ಉಸಿರು. ವಾದಕಿ ಎಷ್ಟೇ ಊದಲಿ, ಒಂದು ಮಿತಿಯಾಚೆ ಸ್ವರ ಒಡೆಯುತ್ತದೆ ಅಥವಾ ಮೇಲಿನ ಸಪ್ತಕಕ್ಕೆ ಜಿಗಿಯುತ್ತದೆ, ದೊಡ್ಡದಾಗುವುದಿಲ್ಲ. ರಷ್ಯಾದ ಸಂಯೋಜಕ ರಿಮ್‌ಸ್ಕಿ-ಕೊರ್ಸಕೊವ್ ವಾದ್ಯಸಂಯೋಜನೆಯ ಪುಸ್ತಕದಲ್ಲಿ ಒಂದು ಒರಟು ಲೆಕ್ಕ ಕೊಟ್ಟಿದ್ದಾರೆ: ಗಟ್ಟಿಯಾಗಿ ನುಡಿಸುವಾಗ ಒಂದು ಟ್ರೋಂಬೋನ್ ಎರಡು ಹಾರ್ನಿಗೆ ಸಮ, ಒಂದು ಹಾರ್ನ್ ಎರಡು ಫ್ಲೂಟಿಗೆ ಸಮ. ನನ್ನ ದೃಶ್ಯಕ್ಕೆ ಅನ್ವಯಿಸಿ ನೋಡಿ. ನಾಲ್ಕು ಹಾರ್ನಿಗೆ ಎಂಟು ಫ್ಲೂಟ್, ಮೂರು ಟ್ರೋಂಬೋನಿಗೆ ಹನ್ನೆರಡು. ಒಟ್ಟು 20 ಫ್ಲೂಟುಗಳಷ್ಟು ಹಿತ್ತಾಳೆಯ ಎದುರಿಗೆ ನಾನು ಒಬ್ಬಳನ್ನು ನಿಲ್ಲಿಸಿದ್ದೆ, ಅದೂ ಅವಳ ವಾದ್ಯದ ಅತ್ಯಂತ ದುರ್ಬಲ ಜಾಗದಲ್ಲಿ. ಆ ಪುಸ್ತಕ ನನ್ನ ಕಪಾಟಿನಲ್ಲೇ ಇತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಧ್ವನಿಮುದ್ರಣದ ದಿನ ಹಿತ್ತಾಳೆಯವರು ಏರಿದ ಕೂಡಲೇ ಫ್ಲೂಟ್ ಮಾಯವಾಯಿತು. ಕಂಡಕ್ಟರ್ ಕೋಲು ಕೆಳಗಿಳಿಸಿ, “ಇಲ್ಲಿ ರಾಗ ಯಾರ ಹತ್ತಿರ ಇದೆ?” ಎಂದು ಕೇಳಿದರು. ವಾದಕಿ ಸುಮ್ಮನೆ ಕೈ ಎತ್ತಿದರು. ಹಾರ್ನ್‌ಗಳನ್ನು ಮೆತ್ತಗೆ ನುಡಿಸಲು ಹೇಳಿದೆವು, ಟ್ರೋಂಬೋನ್‌ಗಳ ಬಾಯಿಗೆ ಸದ್ದು ತಗ್ಗಿಸುವ ಮ್ಯೂಟ್ ಹಾಕಿಸಿದೆವು. ಫ್ಲೂಟ್ ಕೇಳಿಸಿತು, ಗ್ರಹ ಹೋಯಿತು. ಗಾಜಿನ ಹಿಂದೆ ಕುಳಿತಿದ್ದ ನಿರ್ದೇಶಕರು, “ನೀವು ನನಗೆ ಕೇಳಿಸಿದ್ದು ಇದಲ್ಲವಲ್ಲ” ಎಂದರು. ಹೌದು, ಅದಲ್ಲ. ನಾನು ಕೇಳಿಸಿದ್ದನ್ನು ಭೂಮಿಯ ಮೇಲಿನ ಯಾವ ವಾದ್ಯವೃಂದವೂ ಒಂದು ಕೋಣೆಯಲ್ಲಿ ಕುಳಿತು ನುಡಿಸಲಾರದು.

ಫ್ಲೂಟನ್ನು ಪ್ರತ್ಯೇಕವಾಗಿ ಮುದ್ರಿಸಿ ಮೇಲೆ ಸೇರಿಸಬಹುದಿತ್ತಲ್ಲ ಎನ್ನುತ್ತೀರಿ. ಖಂಡಿತ. ದೊಡ್ಡವರೆಲ್ಲ ಮಾಡುವುದೇ ಅದನ್ನು. ಆದರೆ ಅದಕ್ಕೆ ಎಲ್ಲರ ಕಿವಿಯಲ್ಲೂ ಒಂದೇ ಕ್ಲಿಕ್, ಅಂದರೆ ಲಯ ತೋರಿಸುವ ಟಿಕ್ ಟಿಕ್ ಸದ್ದು, ಹೆಡ್‌ಫೋನಿನಲ್ಲಿ ಬಡಿಯುತ್ತಿರಬೇಕು. ನಾನೋ, ಸಂಗೀತ ಉಸಿರಾಡಬೇಕು ಎಂಬ ಗತ್ತಿನಲ್ಲಿ ಆ ದೃಶ್ಯಕ್ಕೆ ಕ್ಲಿಕ್ ಬೇಡವೆಂದಿದ್ದೆ. ಕಂಡಕ್ಟರ್ ಕೈಯ ಹಿಂದೆ ಹಿಗ್ಗಿ ಕುಗ್ಗಿದ ಹಿತ್ತಾಳೆಯ ಮೇಲೆ ಆಮೇಲೆ ಒಂಟಿಯಾಗಿ ನುಡಿಸಿದ ಫ್ಲೂಟ್ ಒಂದು ಸಾಲಿನಲ್ಲೂ ಸರಿಯಾಗಿ ಕೂರಲಿಲ್ಲ. ಅಷ್ಟರಲ್ಲಿ ಮೂರು ಗಂಟೆಯ ಅವಧಿ ಮುಗಿದಿತ್ತು. ಚಿತ್ರದ ಕೊನೆಯ ಭಾಗದ ಸಂಗೀತ ಸ್ಟ್ಯಾಂಡಿನ ಮೇಲೆ ಹಾಗೇ ಉಳಿಯಿತು. ವಾದಕರು ಸ್ವರಲಿಪಿ ಮಡಚಿಟ್ಟು ಹೊರಟರು, ಹೆಚ್ಚುವರಿ ಸಮಯಕ್ಕೆ ಕೊಡಲು ಹಣವಿರಲಿಲ್ಲ. ಬಿಡುಗಡೆಯಾದ ಚಿತ್ರದಲ್ಲಿ ಆ ದೃಶ್ಯಕ್ಕೆ ಇರುವುದು ನಿಜವಾದ ಹಿತ್ತಾಳೆಯ ಮೇಲೆ ಒಂದೊಂದು ಸ್ವರವನ್ನೂ ಎಳೆದು ಜೋಡಿಸಿದ ಕಂಪ್ಯೂಟರ್ ಫ್ಲೂಟ್. ಅಂತ್ಯದ್ದು ಪೂರ್ತಿ ಸ್ಯಾಂಪಲ್. ಆ ನಿರ್ದೇಶಕರು ಮುಂದಿನ ಚಿತ್ರಕ್ಕೆ ನನ್ನನ್ನು ಕರೆಯಲಿಲ್ಲ. ಕರೆಯಬೇಕಾಗಿಯೂ ಇರಲಿಲ್ಲ.

ಹಾಗಾಗಿ ‘12 ಜನ ಮತ್ತು ಸ್ಯಾಂಪಲ್’ ಒಳ್ಳೆಯದೋ ‘ಬರೀ ಸ್ಯಾಂಪಲ್’ ಒಳ್ಳೆಯದೋ ಎಂಬ ತಕ್ಕಡಿ ಹಿಡಿದು ನಾನು ಕೂರುವುದಿಲ್ಲ. ನಿಮ್ಮ ಪ್ರಶ್ನೆ ನಿಂತಿರುವ ನೆಲವೇ ಸರಿಯಿಲ್ಲ. ಬಾಹ್ಯಾಕಾಶ ದೊಡ್ಡದು, ಆದ್ದರಿಂದ ಆರ್ಕೆಸ್ಟ್ರಾ ದೊಡ್ಡದಿರಬೇಕು ಎಂದು ನಿಮಗೆ ಹೇಳಿದವರು ಯಾರು? 1951ರ ‘ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್’ ಚಿತ್ರಕ್ಕೆ ಸಂಯೋಜಕ ಬರ್ನಾರ್ಡ್ ಹೆರ್ಮನ್ ಮಾಮೂಲಿ ತಂತಿವಾದ್ಯಗಳ ಪಡೆಯನ್ನೇ ಕೈಬಿಟ್ಟರು. ಮುಟ್ಟದೆಯೇ ಗಾಳಿಯಲ್ಲಿ ಕೈಯಾಡಿಸಿ ನುಡಿಸುವ ವಿದ್ಯುತ್ ವಾದ್ಯ ತೆರೆಮಿನ್ ಎರಡು, ವಿದ್ಯುತ್ ವಯೊಲಿನ್, ವಿದ್ಯುತ್ ಸೆಲ್ಲೋ ಮತ್ತು ಬಾಸ್, ಜೊತೆಗೆ ಹಿತ್ತಾಳೆ, ಆರ್ಗನ್, ವೈಬ್ರಫೋನ್. ಐದು ವರ್ಷಗಳ ನಂತರ ‘ಫರ್ಬಿಡನ್ ಪ್ಲಾನೆಟ್’ ಚಿತ್ರಕ್ಕೆ ಲೂಯಿ ಮತ್ತು ಬೀಬಿ ಬ್ಯಾರನ್ ದಂಪತಿ ಒಬ್ಬ ವಾದಕನೂ ಇಲ್ಲದೆ, ತಾವೇ ಕಟ್ಟಿದ ಸರ್ಕ್ಯೂಟುಗಳಿಂದ ಇಡೀ ಧ್ವನಿಲೋಕವನ್ನೇ ತೆಗೆದರು. 2014ರ ‘ಇಂಟರ್‌ಸ್ಟೆಲ್ಲರ್’ಗೆ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಮೊದಲು ಸಂಯೋಜಕ ಹ್ಯಾನ್ಸ್ ಜಿಮ್ಮರ್ ಕೈಗೆ ಕೊಟ್ಟಿದ್ದು ತಂದೆ ಮತ್ತು ಮಗುವಿನ ಕುರಿತ ಒಂದು ಪುಟವನ್ನು. ಅದರಲ್ಲಿ ಬಾಹ್ಯಾಕಾಶದ ಸುಳಿವೂ ಇರಲಿಲ್ಲ. ಆಮೇಲೆ ಅಲ್ಲಿ ದೊಡ್ಡ ವಾದ್ಯವೃಂದ ಬಂತು, ಲಂಡನ್ನಿನ ಟೆಂಪಲ್ ಚರ್ಚಿನ ಆರ್ಗನ್ ಬಂತು, ನಿಜ. ಆದರೆ ಬೀಜ ಆ ಪುಟ. ‘ಸ್ಟಾರ್ ವಾರ್ಸ್’ ಸಂಯೋಜಕ ಜಾನ್ ವಿಲಿಯಮ್ಸ್ ಕೂಡ 1977ರಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾವನ್ನು ಗಾತ್ರಕ್ಕಾಗಿ ಕೂರಿಸಲಿಲ್ಲ. ಕಣ್ಣಿಗೆ ಕಾಣುವುದೆಲ್ಲ ಅಪರಿಚಿತವಾಗಿರುವಾಗ ಕಿವಿಗಾದರೂ ಪರಿಚಿತ ಭಾವ ಸಿಗಲಿ ಎಂಬುದು ಅಲ್ಲಿನ ತರ್ಕ. ನಿಮ್ಮ ಚಿತ್ರಕ್ಕೂ ಅದೇ ತರ್ಕ ಹೊಂದುತ್ತದೆಯೇ ಎಂದು ನಿರ್ದೇಶಕರನ್ನು ಕೇಳಿದ್ದೀರಾ?

ಅವರು ಕೂರಿಸಿರುವ ಆ ತಾತ್ಕಾಲಿಕ ಸಂಗೀತವನ್ನು ಇವತ್ತೇ ತೆಗೆಸಿ. ಅಲೆಕ್ಸ್ ನಾರ್ತ್ ‘2001: ಎ ಸ್ಪೇಸ್ ಒಡಿಸ್ಸಿ’ಗಾಗಿ ಸಂಗೀತ ಬರೆದು ಮುದ್ರಿಸಿಯೂ ಆಗಿತ್ತು. ನಿರ್ದೇಶಕ ಕುಬ್ರಿಕ್, ತಾತ್ಕಾಲಿಕವಾಗಿ ಕೂರಿಸಿ ತಾವು ಅಭ್ಯಾಸ ಮಾಡಿಕೊಂಡಿದ್ದ ಸಂಯೋಜಕರಾದ ಸ್ಟ್ರೌಸ್‌ರನ್ನೂ ಲಿಗೆಟಿಯನ್ನೂ ಬಿಟ್ಟುಕೊಡಲಿಲ್ಲ. ತಮ್ಮ ಸಂಗೀತ ಒಂದಿಷ್ಟೂ ಉಳಿದಿಲ್ಲ ಎಂಬುದು ನಾರ್ತ್‌ಗೆ ಗೊತ್ತಾಗಿದ್ದು 1968ರಲ್ಲಿ ಚಿತ್ರ ನೋಡಲು ಕುಳಿತಾಗ. ಅಂಥ ಹಿರಿಯರ ಗತಿಯೇ ಹೀಗಾದರೆ ನಾವು ಯಾವ ಲೆಕ್ಕ? ಜೆರ್ರಿ ಗೋಲ್ಡ್‌ಸ್ಮಿತ್ ಅವರ ಕಥೆ ಇನ್ನೂ ವಿಚಿತ್ರ. ‘ಏಲಿಯನ್’ನಲ್ಲಿ ಅವರ ಹೊಸ ಸಂಗೀತವನ್ನು ಅಲ್ಲಲ್ಲಿ ಕಿತ್ತು, 1962ರ ಚಿತ್ರವೊಂದಕ್ಕೆ ಅವರೇ ಮಾಡಿದ್ದ, ತಾತ್ಕಾಲಿಕವಾಗಿ ಕೂರಿಸಿದ್ದ ಹಳೆಯ ತುಣುಕುಗಳನ್ನು ಉಳಿಸಿಕೊಂಡರು. ತಾನೇ ತನಗೆ ಎದುರಾಳಿ!

ಇನ್ನು ನಿಮ್ಮ 12 ಜನ. ವಯೊಲಿನ್ ಒಂದೂ ಬೇಡ. ಮೂರ್ನಾಲ್ಕು ವಯೊಲಿನ್‌ಗಳಿಂದ 60 ಜನರ ಮಿನುಗು ಬರುವುದಿಲ್ಲ, ಬಡತನ ಮಾತ್ರ ಎದ್ದು ಕಾಣುತ್ತದೆ. ಮೂರು ವಯೊಲಾ, ಮೂರು ಸೆಲ್ಲೋ, ಎರಡು ಡಬಲ್ ಬಾಸ್, ಎರಡು ಹಾರ್ನ್, ಒಂದು ಬಾಸ್ ಕ್ಲಾರಿನೆಟ್, ಒಂದು ಬಾಸ್ ಟ್ರೋಂಬೋನ್ ಕರೆಸಿ. ಮೇಲಿನ ಸಪ್ತಕಗಳನ್ನು ಖಾಲಿ ಬಿಟ್ಟು ಕೆಳಗಡೆ ಬರೆಯಿರಿ. ಆದರೆ ಸಂಭಾಷಣೆ ಇರುವ ಕಡೆ ವಯೊಲಾಗಳನ್ನು ಸುಮ್ಮನಿರಿಸಿ, ಅವು ಮಾತಿನ ಜಾಗದಲ್ಲೇ ಬಂದು ಕೂರುತ್ತವೆ. ಸ್ಯಾಂಪಲ್ ಬೇಕೇ ಬೇಕೆಂದರೆ ಡ್ರಮ್‌ಗಳಿಗೆ ಇಟ್ಟುಕೊಳ್ಳಿ, ರಾಗಕ್ಕೆ ಬೇಡ. ಎಲ್ಲ ದೃಶ್ಯಕ್ಕೂ ಕ್ಲಿಕ್ ಹಾಕಿ. ಹಿತ್ತಾಳೆಯನ್ನು ತಂತಿವಾದ್ಯಗಳಿಂದ ಪ್ರತ್ಯೇಕವಾಗಿ ಮುದ್ರಿಸಿ, ಮಿಕ್ಸಿಂಗ್ ಮಾಡುವವರು ನಿಮ್ಮನ್ನು ಹರಸುತ್ತಾರೆ. ನಿರ್ದೇಶಕರಿಗೆ ಮಾದರಿ ಕೇಳಿಸುವ ಮೊದಲು ಆ ಗುಂಡಿಗಳನ್ನೆಲ್ಲ ಒಂದು ಸಲ ಮೊದಲಿದ್ದ ಜಾಗಕ್ಕೆ ಇಳಿಸಿ, ಮುಟ್ಟದೆ ಕೇಳಿ. ಅದೂ ಪೂರ್ತಿ ನಂಬುವಂಥದ್ದಲ್ಲ, ಸಂಗ್ರಹದಲ್ಲೇ ಸ್ವರಗಳ ಗಟ್ಟಿತನವನ್ನು ಸಮ ಮಾಡಿರುವುದುಂಟು. ಅನುಮಾನ ಬಂದ ಸಾಲನ್ನು ಆ ವಾದ್ಯ ನುಡಿಸುವವರ ಮುಂದಿಟ್ಟು ಕೇಳಿಬಿಡಿ, ಎರಡು ನಿಮಿಷದ ಮಾತು.

ಹಾರ್ನ್ ವಾದಕರು ಇಬ್ಬರು ಸಿಗದಿದ್ದರೆ ಒಬ್ಬರೇ ಸಾಕು, ಇನ್ನೊಬ್ಬರ ಹಣಕ್ಕೆ ನಾಲ್ಕನೆಯ ಸೆಲ್ಲೋ ತನ್ನಿ.