ಭಾರತದ ಹಳೆಯ, ಹೊಸ ಸುಂಟರಗಾಳಿಗಳನ್ನು ದಾಖಲಿಸಲು ಎಲ್ಲಿಂದ ಶುರು ಮಾಡಬೇಕು?

ನೀವು ಬೀದರ್ ಜಿಲ್ಲೆಯವರು. ದೇಶದಲ್ಲಿ ಆದ ಸುಂಟರಗಾಳಿಗಳ ಪಟ್ಟಿ ಮಾಡಬೇಕು ಅಂತ ಹೊರಟಿದ್ದೀರಿ. ಪತ್ರಿಕೆ ಹುಡುಕಿದರೆ ರಾಶಿ ಸುದ್ದಿ ಸಿಗುತ್ತದೆ, ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ. ನಾನು ಕಲಬುರಗಿಯಲ್ಲಿ ಪರವಾನಗಿ ಪಡೆದ ಸರ್ವೇಯರ್. ಹೊಲ ಅಳೆಯಲು ಹೋದ ಊರುಗಳಲ್ಲಿ ಗಾಳಿಯ ವಿಷಯ ಕೇಳಿ ಬರೆದಿಡುವುದನ್ನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲ ತೊಡಕು ಪದದ್ದೇ. ನಮ್ಮಲ್ಲಿ ಸುಂಟರಗಾಳಿ ಅನ್ನುವ ಒಂದೇ ಪದ ಮೂರು ಬೇರೆ ಬೇರೆ ಗಾಳಿಗೆ ಬಳಕೆಯಾಗುತ್ತದೆ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಖಾಲಿ ಎರೆಹೊಲದಲ್ಲಿ ಧೂಳು, ಕಸ, ತೊಗರಿ ಹೊಟ್ಟು ಎತ್ತಿಕೊಂಡು ತಿರುಗುತ್ತಾ ಹೋಗುತ್ತದಲ್ಲ, ಅದಕ್ಕೂ ಸುಂಟರಗಾಳಿ ಅನ್ನುತ್ತೇವೆ. ಅದು ಕಾದ ನೆಲದಿಂದ ಮೇಲೇಳುವ ಗಾಳಿ. ಅದಕ್ಕೆ ಮೋಡವೇ ಬೇಕಿಲ್ಲ. ಎರಡನೆಯದು ಮೇ ತಿಂಗಳ ಗುಡುಗು ಮಳೆಯ ಮುಂದೆ ನುಗ್ಗಿ ಬರುವ ಬಿರುಗಾಳಿ. ಇದು ತಿರುಗುವುದಿಲ್ಲ, ಒಂದೇ ದಿಕ್ಕಿಗೆ ನೂಕುತ್ತದೆ. ಮೂರನೆಯದು ನೀವು ಹುಡುಕುತ್ತಿರುವ ಟಾರ್ನೆಡೊ. ದೊಡ್ಡ ಗುಡುಗು ಮೋಡದ ಬುಡಕ್ಕೂ ನೆಲಕ್ಕೂ ಕೂಡಿಕೊಂಡು ತಿರುಗುವ ಗಾಳಿ ಅದು. ಪತ್ರಿಕೆಯಲ್ಲಿ ಮೂರಕ್ಕೂ ತಲೆಬರಹ ಒಂದೇ: 'ಸುಂಟರಗಾಳಿಗೆ ಹಾರಿದ ಮನೆಗಳ ಶೀಟು'.

ಹಾಗಾಗಿ ಪದ ನೋಡಿ ಪಟ್ಟಿಗೆ ಸೇರಿಸಬೇಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಬಿದ್ದ ಮರ. ಅದು ಯಾವ ದಿಕ್ಕಿಗೆ ಮಲಗಿದೆ ಅನ್ನುವುದು.

ಇದನ್ನು ನಾನು ಕಲಿತದ್ದು ಆಳಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಬಸವಕಲ್ಯಾಣದ ಗಡಿಗೆ ಹತ್ತಿರ. ಒಂದು ಮೇ ತಿಂಗಳ ಸಂಜೆ ಗಾಳಿ ಬೀಸಿ ಇಪ್ಪತ್ತಕ್ಕೂ ಹೆಚ್ಚು ಮನೆಯ ಪತ್ರಾ ಹಾರಿದ್ದವು. ಸುಂಟರಗಾಳಿ ಅಂತ ಸುದ್ದಿಯಾಯಿತು. ಮರುದಿನ ಬೆಳಿಗ್ಗೆಯೇ ಹೋದೆ. ಊರ ನಕಾಶೆ ಕೈಯಲ್ಲಿತ್ತು, ದಿಕ್ಸೂಚಿ ಇತ್ತು. ಸರ್ವೆ ನಂಬರ್ ಹಿಡಿದು ಬದುವಿನ ಮೇಲೆ ನಡೆಯುತ್ತಾ, ಬಿದ್ದ ಒಂದೊಂದು ಬೇವು, ಜಾಲಿ, ಕರೆಂಟಿನ ಕಂಬವನ್ನೂ ಬಾಣದ ಗುರುತಿನಲ್ಲಿ ನಕಾಶೆಯ ಮೇಲೆ ಹಾಕಿದೆ. ಬುಡದಿಂದ ತುದಿಯ ಕಡೆಗೆ ಬಾಣ. ನಲವತ್ತೊಂದು ಬಾಣ ಆದವು.

ಕಟ್ಟೆಯ ಮೇಲೆ ಕೂತಿದ್ದ ಮುತ್ಯಾ ಒಬ್ಬರು ಹೇಳಿದರು: 'ಗರಗರ ತಿರಗ್ಲಕತ್ತಿತ್ತು ನೋಡಪಾ, ನಾ ಕಣ್ಣಾರೆ ನೋಡೀನಿ.' ಅವರು ಸುಳ್ಳು ಹೇಳುವವರಲ್ಲ. ಆದರೆ ಬಾಣಗಳು ಬೇರೆ ಹೇಳಿದವು. ಊರಿನ ಪಡುವಣ ತುದಿಯಿಂದ ಮೂಡಣ ತುದಿಯವರೆಗೆ ಎಲ್ಲವೂ ಹೆಚ್ಚುಕಡಿಮೆ ಮೂಡಲಿಗೇ ಮುಖ ಮಾಡಿದ್ದವು. ತುದಿಗೆ ಹೋದಂತೆ ಬೀಸಣಿಗೆ ಬಿಚ್ಚಿದ ಹಾಗೆ ಸ್ವಲ್ಪ ಅಗಲಿದ್ದವು. ಅಂದರೆ ಮೋಡದಿಂದ ಕೆಳಗೆ ಸುರಿದ ತಣ್ಣನೆ ಗಾಳಿ ನೆಲಕ್ಕೆ ಬಡಿದು ಹರಡಿದ್ದು. ಟಾರ್ನೆಡೊ ಆಗಿದ್ದರೆ ಹಾನಿ ಒಂದು ಕಿರಿದಾದ ಪಟ್ಟಿಯಲ್ಲಿರುತ್ತದೆ. ಪಟ್ಟಿಯ ಎರಡೂ ಬದಿಯ ಮರಗಳು ನಡುವಿನ ಕಡೆಗೆ, ಒಂದರ ಮೇಲೊಂದು ಅಡ್ಡಡ್ಡ ಬಿದ್ದಿರುತ್ತವೆ. ಮುತ್ಯಾ ನೋಡಿದ್ದು ಗಾಳಿಯ ಮುಂದೆ ಸುತ್ತುತ್ತಿದ್ದ ಧೂಳು ಇರಬೇಕು. ಅದನ್ನೂ ಬರೆದುಕೊಂಡೆ. ನೋಡಿದವರ ಮಾತು ಒಂದು ಕಲಮಿನಲ್ಲಿ, ನನ್ನ ತೀರ್ಮಾನ ಇನ್ನೊಂದು ಕಲಮಿನಲ್ಲಿ. ಎರಡನ್ನೂ ಕಲಸಬಾರದು.

ಈ ಬಾಣದ ಪದ್ಧತಿ ನನ್ನದಲ್ಲ. ಜಪಾನಿನ ಹವಾಮಾನ ವಿಜ್ಞಾನಿ ತೆತ್ಸುಯಾ ಫುಜಿತಾ ಅವರದ್ದು. 1945ರಲ್ಲಿ ಅಣುಬಾಂಬು ಬಿದ್ದ ಮೇಲೆ ಅವರು ಹಿರೋಶಿಮಾ, ನಾಗಾಸಾಕಿಯಲ್ಲಿ ಓಡಾಡಿ, ಬಿದ್ದ ಮತ್ತು ಸುಟ್ಟ ವಸ್ತುಗಳ ದಿಕ್ಕು ನೋಡಿದ್ದರು. ಮುಂದೆ ಅಮೆರಿಕಕ್ಕೆ ಹೋದರು. ಅಲ್ಲಿ 1974ರ ಏಪ್ರಿಲ್ 3 ಮತ್ತು 4ರಂದು 148 ಟಾರ್ನೆಡೊಗಳು ಎದ್ದವು. ಅವುಗಳ ಹಾದಿಯನ್ನು ವಿಮಾನದಿಂದ ನೋಡುವಾಗ, ಕೆಲವು ಕಡೆ ಮರಗಳು ನಡುವಿನಿಂದ ಹೊರಕ್ಕೆ ನಕ್ಷತ್ರದಂತೆ ಹರಡಿ ಬಿದ್ದದ್ದು ಕಂಡಿತು. ಅದು ಟಾರ್ನೆಡೊ ಅಲ್ಲ, ಮೇಲಿಂದ ಬಡಿದ ಗಾಳಿ ಅಂತ ಅವರು ಗುರುತಿಸಿದರು. ಗಾಳಿಯ ಜೋರನ್ನು ಹಾನಿಯಿಂದ ಅಂದಾಜು ಮಾಡುವ ಎಫ್ ಮಾಪಕವೂ ಅವರದೇ, 1971ರದ್ದು. ಅದನ್ನು ತಿದ್ದಿ 2007ರಿಂದ ಅಮೆರಿಕದಲ್ಲಿ ಇಎಫ್ ಮಾಪಕ ಬಳಸುತ್ತಾರೆ. ಆ ಮಾಪಕ ಅಲ್ಲಿನ ಮರದ ಮನೆಗಳನ್ನು ನೋಡಿ ಮಾಡಿದ್ದು. ನಮ್ಮ ಶಹಾಬಾದ್ ಕಲ್ಲಿನ ಗೋಡೆಗೆ, ಮೇಲೆ ನಾಲ್ಕು ಕಲ್ಲು ಹೇರಿ ಕೂರಿಸಿದ ಪತ್ರಾಕ್ಕೆ ಅದು ಹಾಗೇ ಹೊಂದುವುದಿಲ್ಲ. ಬೋಲ್ಟು ಹಾಕದ ಪತ್ರಾ ಹಾರಲು ದೊಡ್ಡ ಗಾಳಿ ಏನೂ ಬೇಡ. ಅದಕ್ಕೇ ಎಫ್ ಅಂಕಿ ಕೊಡುವ ಆತುರ ನಾನು ಮಾಡುವುದಿಲ್ಲ.

ಇನ್ನು ಹಳೆಯ ಘಟನೆಗಳು. ಭಾರತ ಮತ್ತು ಬಾಂಗ್ಲಾದೇಶದ ಟಾರ್ನೆಡೊಗಳನ್ನು ಪೀಟರ್ಸನ್ ಮತ್ತು ಮೆಹ್ತಾ ಅನ್ನುವವರು 1981ರಲ್ಲಿ ಒಟ್ಟುಗೂಡಿಸಿದ್ದಾರೆ. ಅದನ್ನು ಮೊದಲು ಓದಿ. ಹವಾಮಾನ ಇಲಾಖೆಯ 'ಮೌಸಮ್' ಪತ್ರಿಕೆಯ ಹಳೆಯ ಸಂಚಿಕೆಗಳೂ ಸಿಗುತ್ತವೆ. 1979ಕ್ಕೆ ಮುಂಚೆ ಅದರ ಹೆಸರು ಬೇರೆ ಇತ್ತು, ಹಾಗಾಗಿ ಹೆಸರು ಹಿಡಿದು ಹುಡುಕಿದರೆ ಅರ್ಧ ತಪ್ಪಿ ಹೋಗುತ್ತದೆ. ಪಟ್ಟಿ ಓದಿದಾಗ ನಿಮಗೇ ಗೊತ್ತಾಗುತ್ತದೆ, ದೊಡ್ಡ ಘಟನೆಗಳು ಜಾಸ್ತಿ ಇರುವುದು ಬಂಗಾಳದ ಸುತ್ತ. ಕಡಲಿನಿಂದ ಬರುವ ತೇವದ ಗಾಳಿ ಕೆಳಗೆ, ಒಣ ಪಡುವಣ ಗಾಳಿ ಮೇಲೆ. ಎತ್ತರ ಏರಿದಂತೆ ಗಾಳಿಯ ವೇಗ, ದಿಕ್ಕು ಎರಡೂ ಬದಲಾಗುತ್ತವೆ. ಮೋಡ ತಿರುಗಲು ಅದು ಬೇಕು. ನಮ್ಮಲ್ಲಿ ಬಿಸಿಲು ಬೇಕಾದಷ್ಟಿದೆ, ಆದರೆ ಆ ಬದಲಾವಣೆ ಅಷ್ಟು ಇರುವುದಿಲ್ಲ. ನಮ್ಮ ಮೇ ತಿಂಗಳ ಹಾನಿ ಬಹುತೇಕ ನೇರ ಗಾಳಿಯದ್ದು ಅಂತ ನಾನು ನಂಬುವುದು ಇದಕ್ಕೇ.

ಕಲ್ಕತ್ತಾದ ಹತ್ತಿರ 1838ರ ಏಪ್ರಿಲ್ 8ರಂದು ಆದ ಟಾರ್ನೆಡೊದಲ್ಲಿ 215 ಜನ ಸತ್ತರು. ಅದರ ವರದಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಸೈಕ್ಲೋನ್ ಅನ್ನುವ ಇಂಗ್ಲಿಷ್ ಪದ ಆಗ ಹುಟ್ಟೇ ಇರಲಿಲ್ಲ. ಅದೇ ಕಲ್ಕತ್ತಾದಲ್ಲಿ ಹೆನ್ರಿ ಪಿಡಿಂಗ್ಟನ್ ಅದನ್ನು ಹುಟ್ಟಿಸಿದ್ದು ಆಮೇಲೆ, 1840ರ ದಶಕದಲ್ಲಿ. ಯಾವ ಗಾಳಿಗೆ ಯಾವ ಹೆಸರು ಅನ್ನುವ ಗೊಂದಲ ನಮ್ಮ ಕನ್ನಡದ್ದು ಮಾತ್ರ ಅಲ್ಲ ಅಂತ ಇದರಿಂದ ನನಗೆ ಧೈರ್ಯ ಬಂತು. ದೆಹಲಿಯಲ್ಲಿ 1978ರ ಮಾರ್ಚ್ 17ರಂದು ವಿಶ್ವವಿದ್ಯಾಲಯದ ಆಸುಪಾಸಿನಲ್ಲಿ ಆದದ್ದು ಇನ್ನೊಂದು. 28 ಜನ ತೀರಿಕೊಂಡರು. ಹಾನಿಯ ಪಟ್ಟಿಯ ಅಗಲ ಐವತ್ತು ಮೀಟರಿನಷ್ಟೇ. ಪಕ್ಕದ ಬೀದಿಗೆ ಏನೂ ಆಗದಿರುವುದು, ಇದೇ ಟಾರ್ನೆಡೊದ ಗುರುತು. ಎಲ್ಲಕ್ಕಿಂತ ಘೋರವಾದದ್ದು ಬಾಂಗ್ಲಾದೇಶದ ದೌಲತ್‌ಪುರ, ಸಾತುರಿಯಾದಲ್ಲಿ 1989ರ ಏಪ್ರಿಲ್ 26ರಂದು ಆದದ್ದು, ಸುಮಾರು 1,300 ಸಾವು. ನಮ್ಮ ದೇಶದಲ್ಲಿ 1998ರ ಮಾರ್ಚ್ 24ರಂದು ಒಡಿಶಾ-ಬಂಗಾಳ ಗಡಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಈ ಊರುಗಳ ಹೆಸರು ಬರೆಯುವಾಗ ನನಗೆ ಕೈ ನಿಧಾನವಾಗುತ್ತದೆ. ಅಂಕಿ ಬರೆದ ಕಡೆ ಸಮಯ, ಹಳ್ಳಿ, ಹಾದಿಯನ್ನೂ ಬರೆಯಿರಿ. ಸತ್ತವರಿಗೆ ಅಷ್ಟಾದರೂ ಸಲ್ಲಬೇಕು ಅಲ್ವಾ?

ನಮ್ಮ ಭಾಗದ ಹಳೆಯ ದಾಖಲೆಗೆ ಬಂದರೆ, ಕಲಬುರಗಿ ಅಂತ ಹುಡುಕಬೇಡಿ. ಆ ಹೆಸರು ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಅದಕ್ಕೆ ಮುಂಚಿನದ್ದಕ್ಕೆ ಗುಲ್ಬರ್ಗ, ಗುಲಬರ್ಗಾ ಎರಡೂ ಹಾಕಿ ನೋಡಿ. 1948ಕ್ಕೆ ಮುಂಚೆ ನಾವು ನಿಜಾಮರ ರಾಜ್ಯದಲ್ಲಿದ್ದೆವು. ಆಡಳಿತದ ಕಾಗದ ಉರ್ದುವಿನಲ್ಲಿದ್ದವು, ಹಳೆಯ ಕಾಗದಗಳು ಈಗ ಹೈದರಾಬಾದಿನ ತಾರ್ನಾಕದ ಪತ್ರಾಗಾರದಲ್ಲಿವೆ. ಅಲ್ಲಿ ಹುಡುಕುವ ಪದ ತೂಫಾನ್, ಆಂಧಿ. ಬೀದರಿನಲ್ಲಿ ಉರ್ದು ಬಲ್ಲ ಹಿರಿಯರಿಗೆ ಕೊರತೆ ಇಲ್ಲ, ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಈಚಿನದ್ದಾದರೆ ತಹಶೀಲ್ದಾರ್ ಕಚೇರಿಯ ಪಂಚನಾಮೆ ಒಳ್ಳೆಯದು. ಪರಿಹಾರಕ್ಕಾಗಿ ಬರೆದದ್ದಾದ್ದರಿಂದ ಯಾವ ಮನೆ, ಯಾವ ಸರ್ವೆ ನಂಬರ್, ಯಾವ ದಿನ ಎಲ್ಲ ಇರುತ್ತದೆ. ದಿಕ್ಕು ಮಾತ್ರ ಇರುವುದಿಲ್ಲ.

ರೇಡಾರ್ ನೋಡಿದರೆ ಆಯ್ತಲ್ಲ ಅಂತ ನಿಮಗೆ ಅನಿಸಬಹುದು. ಹೈದರಾಬಾದಿನ ಡಾಪ್ಲರ್ ರೇಡಾರ್ (ಮೋಡದೊಳಗಿನ ಗಾಳಿಯ ಓಟವನ್ನೂ ಅಳೆಯುವ ರೇಡಾರ್) ಬೀದರ್ ಮೋಡಗಳನ್ನು ಸುಮಾರಾಗಿ ನೋಡುತ್ತದೆ. ಕಲಬುರಗಿಯ ದೂರಕ್ಕೆ ಬರುವಾಗ ಭೂಮಿಯ ಬಾಗಿನಿಂದಾಗಿ ಅದರ ಅತಿ ತಗ್ಗಿನ ಕಿರಣವೂ ನೆಲದಿಂದ ಮೂರು ಕಿಲೋಮೀಟರಿಗೂ ಮೇಲೆ ಹೋಗಿರುತ್ತದೆ. ಕೆಳಗೆ ಏನಾಯಿತು ಅಂತ ಅದಕ್ಕೆ ಕಾಣುವುದಿಲ್ಲ. ಉಪಗ್ರಹ ಚಿತ್ರದಲ್ಲಿ ಹಾನಿಯ ಪಟ್ಟಿ ಹುಡುಕೋಣ ಅಂದರೆ, ಮೇ ತಿಂಗಳಲ್ಲಿ ನಮ್ಮ ಹೊಲಗಳು ಬರಿದು. ಕಬ್ಬು, ಬಾಳೆ ಇರುವ ಕಡೆ ಮಾತ್ರ ಪ್ರಯತ್ನಿಸಬಹುದು. ಕೊನೆಗೆ ಕಾಲೇ ಗತಿ. ಅದೂ ಬೇಗ ಹೋಗಬೇಕು. ಎರಡು ದಿನದಲ್ಲಿ ಮರ ಕಡಿದು ಟ್ರ್ಯಾಕ್ಟರಿಗೆ ಹೇರಿರುತ್ತಾರೆ, ಕಂಬ ಎತ್ತಿ ನಿಲ್ಲಿಸಿರುತ್ತಾರೆ. ನೀವೇ ಹೋಗಲಾಗದಿದ್ದರೆ ಊರಿನ ಯಾರಿಗಾದರೂ ಫೋನ್ ಮಾಡಿ, ಮರದ ಬುಡದಲ್ಲಿ ನಿಂತು ತುದಿಯ ಕಡೆಗೆ ಫೋಟೊ ತೆಗೆಯಿರಿ ಅನ್ನಿ. ಬೆಳಗಿನ ನೆರಳು ಬಿದ್ದಿದ್ದರೆ ದಿಕ್ಕು ಆಮೇಲೆ ತೆಗೆಯಬಹುದು. ಮೊಬೈಲಿನಲ್ಲಿ ಸುತ್ತುವ ವಿಡಿಯೊ ಸಿಕ್ಕರೆ, ಮೊದಲು ತೆಗೆದವರನ್ನು ಹುಡುಕುವವರೆಗೂ ಪಟ್ಟಿಗೆ ಹಾಕಬೇಡಿ. ಯಾವುದೋ ದೇಶದ ವಿಡಿಯೊಗೆ ನಮ್ಮೂರಿನ ಹೆಸರು ಅಂಟಿರುತ್ತದೆ.

ಒಂದು ಸಹಾಯ ಕೇಳಬೇಕು. ಅದೇ ಮುತ್ಯಾ ಅವತ್ತು ಇನ್ನೊಂದು ಗಾಳಿಯ ಕತೆ ಹೇಳಿದ್ದರು. 'ರಜಾಕಾರರ ಗದ್ದಲದ ಹಿಂದಿನ ವರ್ಷ, ರೋಹಿಣಿ ಮಳಿ ಇತ್ತು. ಒಂದ್ ಓಣಿ ಅಷ್ಟೇ ಹೋಯ್ತು, ಮಗ್ಗಲ ಓಣ್ಯಾಗ ಬಣವಿ ಸುದ್ದಾ ಅಲಗಾಡಲಿಲ್ಲ' ಅಂದರು. ರಜಾಕಾರರು ಅಂದರೆ ನಿಜಾಮರ ಪರವಾಗಿದ್ದ ಸಶಸ್ತ್ರ ಪಡೆ. ಅವರ ಗದ್ದಲ 1948 ಅಂತ ಹಿಡಿದರೆ ಅದು 1947, ಮೇ ಕೊನೆ ಅಥವಾ ಜೂನ್ ಮೊದಲ ವಾರ. ಪಕ್ಕದ ಓಣಿಯ ಬಣವೆ ಅಲುಗಲಿಲ್ಲ ಅನ್ನುವ ಆ ಒಂದು ಮಾತು ನನ್ನನ್ನು ಬಿಟ್ಟಿಲ್ಲ. ಗಾಳಿ ಮುಂದೆ ಬಸವಕಲ್ಯಾಣದ ಕಡೆ ಹೋಯಿತು ಅಂತ ಅವರ ನೆನಪು. ನಮ್ಮ ಕಡೆ ಅದನ್ನು ನೆನೆಯುವವರು ಬೇರೆ ಯಾರೂ ಸಿಗಲಿಲ್ಲ, ಮುತ್ಯಾ ಕೂಡ ಈಗ ಇಲ್ಲ. ನಿಮ್ಮ ಕಡೆಯ ಹಳ್ಳಿಗಳಲ್ಲಿ ತೊಂಬತ್ತರ ಆಸುಪಾಸಿನವರು ಇದ್ದರೆ ಒಮ್ಮೆ ಕೇಳಿ ನೋಡಿ. ಗಾಳಿ ಅಂತ ಕೇಳಬೇಡಿ, ತೂಫಾನ್ ಅಂತ ಕೇಳಿ.